ಹಾಲಿನ ಗಾಡಿಗೆ ಟಾಂಗಾ ಗಾಲಿ

ಖಾಲಿ ಗಾಡಿ ನಿಲ್ಲಿಸಿಕೊಂಡು ಮಟ್ಟ ನೋಡುವ ಪೈಕಿಯವನು ನಾನಲ್ಲ. ವಿಜಯಪುರದ ಅಥಣಿ ರಸ್ತೆಯಲ್ಲಿ ಪಾಟಾ ಕೆಲಸದ ಅಂಗಡಿಗಳು ಬೇಕಾದಷ್ಟಿವೆ. ಪಾಟಾ ಎಂದರೆ ಗಾಲಿಯ ಅಚ್ಚಿನ ಮೇಲೆ ಕೂತು ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟು. ಪಿಕಪ್ಪಿನ ಮೂತಿ ಬಗ್ಗಿದೆ ಎಂದು ಯಾರಾದರೂ ಬಂದರೆ ಆ ಪಾಟಾದ ಕೆಳಗೆ ಒಂದು ಕಬ್ಬಿಣದ ತುಂಡು ತುರುಕಿ, ಎತ್ತರ ಮಾಡಿ, ಅರ್ಧ ದಿನದಲ್ಲಿ ಕಳಿಸಿಬಿಡುತ್ತಾರೆ. ಗಾಡಿ ಅಂಗಡಿಯಲ್ಲಿ ನಿಂತಾಗ ನೋಡಲು ಚಂದ. ಭಾರ ಹೇರಿದ ಮೇಲೆ ಬಾಲ ಕುಸಿದು ಮೂತಿ ಆಕಾಶ ನೋಡುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ, ದೀಪ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಅದನ್ನು ನಾನು ಬಾಯಿಬಿಟ್ಟು ಹೇಳುತ್ತೇನೆ. ಹಾಗಾಗಿ ಆ ರಸ್ತೆಯಲ್ಲಿ ನನಗೆ ಸ್ನೇಹಿತರು ಕಡಿಮೆ.

ಉತ್ತರೆ ಮಳೆಗೆ ಇನ್ನೊಂದು ವಾರ ಇದ್ದಾಗ ಒಬ್ಬ ಹೆಣ್ಣುಮಗಳು ಹಾಲಿನ ಪಿಕಪ್ ತಾನೇ ನಡೆಸಿಕೊಂಡು ನನ್ನ ಅಂಗಡಿಗೆ ಬಂದಳು. ನಲವತ್ತರ ಆಸುಪಾಸು. ಟಿಕೋಟಾ ಮತ್ತು ಬಬಲೇಶ್ವರದ ನಡುವೆ ಹೊಲದಲ್ಲೇ ಮನೆಗಳಿರುವ ಒಂದು ವಸ್ತಿ ಆಕೆಯದು. ಅಲ್ಲಿಯ ಹನ್ನೆರಡು ಮನೆಗಳ ಎಮ್ಮೆ ಹಾಲನ್ನು ದಿನಾ ಬೆಳಿಗ್ಗೆ ಹದಿನಾರು ಕ್ಯಾನಿನಲ್ಲಿ ತುಂಬಿಕೊಂಡು ಟಿಕೋಟಾದ ಹಾಲಿನ ಕೇಂದ್ರಕ್ಕೆ ಮುಟ್ಟಿಸುತ್ತಾಳೆ. ಆ ರೂಟು ಶುರು ಮಾಡಿದ್ದೇ ಆಕೆ. ಅದಕ್ಕೂ ಮೊದಲು ವಸ್ತಿಯ ಹೆಂಗಸರು ಬಾಗಿಲಿಗೆ ಬರುವ ದಲ್ಲಾಳಿ ಅಳೆದಷ್ಟೇ ಅಳತೆ ಎಂದು ಸುಮ್ಮನಿದ್ದರಂತೆ.

ತೊಂದರೆ ಇದ್ದದ್ದು ದಾರಿಯದು. ವಸ್ತಿಯಿಂದ ಡಾಂಬರು ರಸ್ತೆಗೆ ಒಂದೂವರೆ ಕಿಲೋಮೀಟರ್ ಎರೆ ಮಣ್ಣಿನ ಬಂಡಿ ದಾರಿ. ಹಿಂದಿನ ವರ್ಷ ಮಳೆಯಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ತಾಗಿ ಎರಡು ದಿನ ಹಾಲು ಹೋಗಿರಲಿಲ್ಲ. ಸತತ ಮೂರು ದಿನ ಹಾಲು ಬಾರದಿದ್ದರೆ ರೂಟು ಬೇರೆಯವರಿಗೆ ಎಂದು ಕೇಂದ್ರದ ಮೇಲ್ವಿಚಾರಕ ಎಚ್ಚರಿಸಿದ್ದ. ಆ ಬೇರೆಯವರು ಯಾರೆಂಬುದೂ ಗೊತ್ತಿತ್ತು, ಪಕ್ಕದ ಹೊಲದ ಟ್ರ್ಯಾಕ್ಟರಿನವನು. ಅವನು ಆ ರೂಟಿನ ಮೇಲೆ ಕಣ್ಣಿಟ್ಟು ಆಗಲೇ ಒಂದು ವರ್ಷವಾಗಿತ್ತು.

"ಮೂತಿ ಮ್ಯಾಲ ಎತ್ತಿ ಕೊಡ್ರಿ, ಗಾಲಿ ಎತ್ತರದೂ ಹಾಕ್ರಿ," ಎಂದಳು. "ಮಳ್ಯಾಗ ನನ್ನ ಗಾಡಿ ನಿಂದರಬಾರ್ದು. ನಿಂತ್ರ ರೂಟು ಹೋಗತೈತಿ."

ನಾನು ಗಾಡಿ ಮುಟ್ಟಲಿಲ್ಲ. ನಾಳೆ ಹದಿನಾರು ಕ್ಯಾನೂ ಬಾಯಿತನಕ ನೀರು ತುಂಬಿಕೊಂಡು ಬರಬೇಕು, ದಿನಾ ಹೇಗೆ ಹೇರುತ್ತೀರೋ ಹಾಗೇ ಹೇರಿರಬೇಕು ಎಂದೆ. ಆಕೆ ನನ್ನನ್ನು ಒಂದು ಗಳಿಗೆ ನೋಡಿದಳು. ಹುಚ್ಚನೋ ಏನೋ ಎಂದುಕೊಂಡಿರಬೇಕು. ಆದರೂ ಮರುದಿನ ಹತ್ತು ಗಂಟೆಗೆ ನೀರು ತುಳುಕಿಸಿಕೊಂಡು ಬಂದಳು.

ಗಾಲಿಯ ನಡುವಿನಿಂದ ಮಡ್ಗಾರ್ಡಿನ ಅಂಚಿಗೆ ಟೇಪು ಹಿಡಿದೆ. ನೆಲದಿಂದ ಅಳೆದರೆ ಟೈರಿನ ಗಾಳಿ ಕೂಡ ಸುಳ್ಳು ಹೇಳುತ್ತದೆ. ಹಿಂದೆ ಎರಡೂ ಕಡೆ ಸಮ. ಮುಂದೆ ಎಡಕ್ಕೆ ಒಂದೂವರೆ ಇಂಚು, ಬಲಕ್ಕೆ ಎರಡು ಇಂಚು ಕುಸಿತ. ಇಳಿಸಲು ಸುಲಭವೆಂದು ಕ್ಯಾನುಗಳನ್ನೆಲ್ಲ ಕ್ಯಾಬಿನ್ನಿಗೆ ಒತ್ತಿ ಇಡುತ್ತಿದ್ದಳು, ಅದೂ ಒಂದು ಕಾರಣ. ಮುಂದಿನ ಪಾಟಾ ಬಿಚ್ಚಿ ಪಟ್ಟಿಗಳನ್ನು ಒಂದೊಂದಾಗಿ ಬೇರೆ ಮಾಡಿ ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, ಮೇಲೆ ಸುಣ್ಣದ ಪುಡಿ ಉದುರಿಸಿದೆ. ಬಿರುಕು ಎಲ್ಲಿದೆಯೋ ಅಲ್ಲಿ ಒಳಗಿನ ಎಣ್ಣೆ ಹೊರಬಂದು ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಬಲಗಡೆಯ ಮೂರನೆಯ ಪಟ್ಟಿಯಲ್ಲಿ, ನಡುವಿನ ಬೋಲ್ಟಿನ ತೂತಿನ ಪಕ್ಕ, ಕೂದಲೆಳೆಯಷ್ಟು ಗೆರೆ ಕಂಡಿತು. ಅದನ್ನು ಕಿತ್ತು ಹೊಸದು ಹಾಕಿದೆ.

ಉಳಿದ ಪಟ್ಟಿಗಳಿಗೆ ಬಾಗು ಕೊಡುವ ಕೆಲಸಕ್ಕೆ ಎರಡು ದಿನ ಹಿಡಿಯಿತು. ಬೆಂಕಿಗೆ ಹಿಡಿದರೆ ಹತ್ತು ನಿಮಿಷದ ಕೆಲಸ. ಆದರೆ ಕಾಯಿಸಿದ ಉಕ್ಕು ತನ್ನ ಹದ ಬಿಡುತ್ತದೆ, ಎರಡು ತಿಂಗಳಲ್ಲಿ ಮತ್ತೆ ಮಲಗುತ್ತದೆ. ಅಡಿಗಲ್ಲಿನ ಮೇಲೆ ತಣ್ಣಗಿಟ್ಟುಕೊಂಡೇ ಸುತ್ತಿಗೆಯಿಂದ ಬೆರಳಂತರಕ್ಕೆ ಒಂದೊಂದು ಏಟು ಹಾಕಿಕೊಂಡು ಹೋಗಬೇಕು. ಒಂದರ ಮೇಲೊಂದು ಇಟ್ಟಾಗ ನಡುವೆ ಒಂದೇ ಸಮ ಸಂದು ಉಳಿಯಬೇಕು. ಪಾಟಾದ ತುದಿಯ ಕಣ್ಣುಗಳಿಗೆ ಹೊಸ ರಬ್ಬರ್ ಬುಶ್ ಹಾಕಿದೆ. ಅಚ್ಚು ಮತ್ತು ಪಾಟಾದ ನಡುವೆ ತೆಳ್ಳನೆಯ ಬೆಣೆ ಕೊಟ್ಟೆ. ಅದಿಲ್ಲದೆ ಮೂತಿ ಎತ್ತಿದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೆಟ್ಟಗಾಗುವುದಿಲ್ಲ. ಗಾಲಿ ಪೂರ್ತಿ ಇಳಿಬಿದ್ದಾಗ ಬ್ರೇಕಿನ ಪೈಪು ಬಿಗಿಯಾಗುತ್ತದೋ ಎಂದೂ ನೋಡಿದೆ. ಕೊನೆಗೆ ನೀರಿನ ಕ್ಯಾನು ಹೇರಿ ಅಳೆದಾಗ ನಾಲ್ಕೂ ಮೂಲೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಲಿಲ್ಲ. ನನಗೆ ಖುಷಿಯಾಯಿತು. ಮುಚ್ಚಿಡುವುದೇನು, ಜಂಬವೇ ಬಂದಿತ್ತು.

ಆ ಜಂಬದಲ್ಲೇ ಟೈರು ಆರಿಸಿದೆ. ಆಕೆ ಕೇಳಿದ್ದು ಎತ್ತರದ ಗಾಲಿ. ನಾನು ಎತ್ತರದ ಜೊತೆ ಅಗಲವನ್ನೂ ಸೇರಿಸಿದೆ. ಬಿಜ್ಜರಗಿ ಕಡೆಯ ದ್ರಾಕ್ಷಿ ತೋಟದವರು ಆಗ ತಮ್ಮ ಗಾಡಿಗಳಿಗೆ ಹಾಕಿಸುತ್ತಿದ್ದದ್ದು ಅದನ್ನೇ, ಇನ್ನೂರ ಮೂವತ್ತೈದು ಮಿಲಿಮೀಟರ್ ಅಗಲದ, ಮೈಮೇಲೆ ದಪ್ಪ ದಪ್ಪ ಗಟ್ಟೆಗಳಿರುವ ಟೈರು. ಮೊದಲಿನದಕ್ಕಿಂತ ನಾಲ್ಕು ಬೆರಳು ಎತ್ತರ, ಎರಡು ಬೆರಳು ಅಗಲ. ಸ್ಟೇರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ ನೋಡಿದೆ, ಎಲ್ಲಿಯೂ ತಾಗಲಿಲ್ಲ. ಮಡ್ಗಾರ್ಡಿಗೂ ಟೈರಿಗೂ ನಡುವೆ ಎರಡು ಬೆರಳು ಆಡುವಷ್ಟು ಜಾಗ ಇತ್ತು. ಹಾದುಹೋಗುವವರು ನಿಂತು ಫೋಟೊ ತೆಗೆದುಕೊಂಡರು. ಗಾಡಿ ಹುಲಿಯಂತೆ ಕಾಣುತ್ತದೆ ಎಂದು ಯಾರೋ ಅಂದದ್ದು ನನಗೆ ಬಹಳ ಹಿಡಿಸಿತು.

ಮಳೆ ಬಂತು. ಮೊದಲ ದಿನ ಬೆಳಿಗ್ಗೆ ಏಳಕ್ಕೆ ಆಕೆಯ ಫೋನು. ಗಾಡಿ ದಾರಿ ನಡುವೆ ನಿಂತಿದೆ, ಗಾಲಿ ತಿರುಗುತ್ತಿಲ್ಲ ಎಂದಳು. ಅದು ಹೇಗೆ ಸಾಧ್ಯ ಎಂದು ನಾನು ಕೂತಲ್ಲಿಂದಲೇ ಕೇಳಿದೆ. ಇಳಿಜಾರಿನಲ್ಲಿ ಬ್ರೇಕು ಒತ್ತಿರುತ್ತೀರಿ, ಹೆದರಿ ಎಕ್ಸಲೇಟರ್ ಬಿಟ್ಟಿರುತ್ತೀರಿ, ಹೊಸ ಟೈರಿಗೆ ಕೈ ಹೊಂದಬೇಕು ಎಂದೆಲ್ಲ ಪಾಠ ಮಾಡಿದೆ. ಆಕೆ ಫೋನಿಟ್ಟು, ತಾನೇ ಮಣ್ಣು ಕೆರೆದು ಗಾಡಿಯನ್ನು ವಸ್ತಿಗೆ ವಾಪಸು ಒಯ್ದಳಂತೆ. ಎರಡನೆಯ ದಿನ ಬೆಳಿಗ್ಗೆ ಮತ್ತೆ ಅದೇ ಫೋನು, ಅದೇ ಮಾತು. ಅಂಗಡಿ ಮುಚ್ಚಿ ಬೈಕ್ ಹತ್ತಿದೆ.

ಗಾಡಿ ಡಾಂಬರಿನಿಂದ ಅರ್ಧ ಕಿಲೋಮೀಟರ್ ಒಳಗೆ ನಿಂತಿತ್ತು. ಹತ್ತಿರ ಹೋಗಿ ನೋಡಿದರೆ ಟೈರೇ ಕಾಣುವುದಿಲ್ಲ. ಗಟ್ಟೆಗಳ ಸಂದಿನಲ್ಲಿ ಎರೆ ತುಂಬಿ, ಅದರ ಮೇಲೆ ಮತ್ತೊಂದು ಪದರ ಹತ್ತಿ, ಮಡ್ಗಾರ್ಡಿನ ಒಳಗೆ ತುರುಕಿಕೊಂಡು, ಪಾಟಾದ ತನಕ ಇಡುಕಿರಿದು ಕೂತಿತ್ತು. ನಾನು ಬಿಟ್ಟಿದ್ದ ಎರಡು ಬೆರಳು ಜಾಗದಲ್ಲಿ ಈಗ ಒಂದು ಕಡ್ಡಿಯೂ ಹೋಗುತ್ತಿರಲಿಲ್ಲ. ಮುಂದಿನ ಗಾಲಿಗಳು ತಿರುಗದೆ ಕೊರಡಿನಂತೆ ಜಾರಿಕೊಂಡು ಬಂದ ಗುರುತು ದಾರಿಯಲ್ಲಿ ಉದ್ದಕ್ಕೆ ಬಿದ್ದಿತ್ತು. ಕೈಯಲ್ಲಿ ಕುರ್ಪಿ ಹಿಡಿದು ಆಕೆ ಒಂದು ಗಾಲಿಯ ಮಣ್ಣು ಕೆರೆಯುತ್ತಿದ್ದಳು.

ಭಾರ ಅಳೆದಿದ್ದೆ, ಬಾಗು ಅಳೆದಿದ್ದೆ, ಸಂದು ಅಳೆದಿದ್ದೆ, ಎಲ್ಲವನ್ನೂ ಸಿಮೆಂಟಿನ ನೆಲದ ಮೇಲೆ. ನೀರು ತುಂಬಿಕೊಂಡು ಬಾ ಎಂದವನು ಒಂದು ಪುಟ್ಟಿ ಎರೆ ಮಣ್ಣು ತಾ ಎಂದಿರಲಿಲ್ಲ. ಈ ಸೀಮೆಯಲ್ಲಿ ಹುಟ್ಟಿ, ಎರೆ ಹೊಲದಲ್ಲಿ ಕಾಲಿಗೆ ಮೆತ್ತಿದ ಮಣ್ಣು ಕೊಡವಿಕೊಂಡೇ ಬೆಳೆದವನು ನಾನು. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಆ ಟೈರಿಗೆ ಒದ್ದೆ. ಕಾಲು ನೋಯಿತು.

ತಪ್ಪು ನನ್ನದೇ ಎಂದು ಆಕೆಗೆ ಹೇಳಿದೆ. ಕುರ್ಪಿ ನಿಲ್ಲಿಸದೆ ಆಕೆ ಅಂದಳು, "ಇದನ್ನ ನಿನ್ನೆ ಫೋನಿನ್ಯಾಗ ಹೇಳಿದ್ರ ಒಂದು ದಿನ ಉಳೀತಿತ್ತಲ್ರಿ."

ಎರಡು ದಿನದ ಹಾಲು ಆಗಲೇ ಮನೆಮನೆಗೆ ವಾಪಸು ಹೋಗಿತ್ತು. ಉಳಿದದ್ದು ಮರುದಿನದ ಬೆಳಿಗ್ಗೆ ಒಂದೇ.

ಅಷ್ಟರಲ್ಲಿ ಟ್ರ್ಯಾಕ್ಟರಿನವನು ಬಂದು ನಿಂತ. ಹಗ್ಗ ಕಟ್ಟಿ ಎಳೆಯುತ್ತೇನೆ ಎಂದ. ಹಾಗೇ ಮಾತು ತೇಲಿಸಿ, ಈ ಮಳೆ ಮುಗಿಯುವ ತನಕ ಹಾಲು ತಾನೇ ಒಯ್ದರೆ ಯಾರಿಗೂ ತ್ರಾಸಿಲ್ಲ ಎಂದೂ ಸೇರಿಸಿದ. ನಾನು ಹೂಂ ಎನ್ನುವುದರಲ್ಲಿದ್ದೆ. ಅರ್ಧ ತಾಸಿನಲ್ಲಿ ಗಾಡಿ ಡಾಂಬರಿಗೆ ಬಂದರೆ ನನಗೆ ಕೆಲಸಕ್ಕೆ ಹೊತ್ತು ಸಿಗುತ್ತಿತ್ತು. ಆಕೆ ಅವನ ಕಡೆ ತಿರುಗಲೂ ಇಲ್ಲ.

"ಅವನ ಹಗ್ಗ ಬ್ಯಾಡ್ರಿ," ಎಂದಳು ನನಗೆ. "ಇವತ್ತ ಹಗ್ಗ ಹಿಡಿದ್ರ ನಾಳಿ ರೂಟು ಕೇಳ್ತಾನ. ನೀವು ಆ ಕಡೆ ಗಾಲಿ ಹಿಡೀರಿ."

ಹಿಡಿದೆ. ಎರಡೂವರೆ ತಾಸು ಇಬ್ಬರೂ ಕೆರೆದೆವು. ಕೆರೆಯುತ್ತ ಕೂತಾಗಲೇ ನನಗೆ ಇನ್ನೂ ಅಲ್ಲೇ ನಿಂತಿದ್ದ ಅವನ ಟ್ರ್ಯಾಕ್ಟರಿನ ಗಾಲಿ ಕಣ್ಣಿಗೆ ಬಿದ್ದದ್ದು. ಹಿಂದಿನ ದೊಡ್ಡ ಗಾಲಿಗಳಿಗೆ ಮಣ್ಣು ಮೆತ್ತಿತ್ತು, ಮುಂದಿನ ಸಣ್ಣ ಗಾಲಿಗಳು ಮಾತ್ರ ಹೆಚ್ಚುಕಡಿಮೆ ಸ್ವಚ್ಛವಾಗಿದ್ದವು. ಕಡಿಮೆ ಅಗಲ, ಉದ್ದುದ್ದ ಗೆರೆಯ ಟೈರು. ಅವು ಹಾದಲ್ಲಿ ಚಾಕುವಿನಿಂದ ಕೊಯ್ದಂತೆ ಗೆರೆ ಬಿದ್ದಿತ್ತು. ನಾನು ಆ ಗೆರೆಯಲ್ಲಿ ಕೈ ಹಾಕಿದೆ. ನಾಲ್ಕು ಬೆರಳು ಕೆಸರು, ಅದರ ಕೆಳಗೆ ಗಟ್ಟಿ ನೆಲ. ಮಳೆ ಎರಡೇ ದಿನದ್ದು, ನೀರು ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಅಗಲದ ಟೈರು ಆ ಕೆಸರಿನ ಮೇಲೆ ತೇಲಿ ಅದನ್ನೇ ಮೈಗೆ ಸುತ್ತಿಕೊಳ್ಳುತ್ತಿತ್ತು. ಬೇಕಾಗಿದ್ದದ್ದು ಕೆಸರು ಕೊಯ್ದು ಗಟ್ಟಿ ನೆಲ ಮುಟ್ಟುವ ಗಾಲಿ.

ಅಲ್ಲೇ ತೀರ್ಮಾನ ಮಾಡಿದೆ. ಎತ್ತರ ಇರಲಿ, ಅಗಲ ಕಿತ್ತೊಗೆಯಬೇಕು. ಹಳೆಯ ಜೀಪುಗಳ ಕಾಲದ ಏಳು ಇಂಚಿನ ಲೋಡ್ ಟೈರು, ಉದ್ದ ಗೆರೆಯದು. ಅದು ನಾನು ಹಾಕಿದ ಅಗಲದ ಟೈರಿಗಿಂತ ಕೂದಲೆಳೆ ಎತ್ತರವೇ ಇದೆ, ಅಗಲ ಮಾತ್ರ ಮೊದಲಿನ ಟೈರಿನಷ್ಟೇ. ಇದೇ ಗಾಡಿಯ ಹೆಚ್ಚು ಭಾರದ ಮಾದರಿಗೆ ಕಂಪನಿಯವರೇ ಆ ಅಳತೆ ಕೊಡುತ್ತಾರೆ. ನಾನು ಫ್ಯಾಷನ್ನಿಗೆ ಹಾಕಿದ್ದ ಅಗಲದ್ದಕ್ಕೆ ಕಂಪನಿಯ ಕಾಗದದಲ್ಲಿ ಹೆಸರೇ ಇರಲಿಲ್ಲ. ಮುಂದಿನ ಫಿಟ್ನೆಸ್ ತಪಾಸಣೆಯಲ್ಲಿ ಅದೂ ಆಕೆಯ ಕೊರಳಿಗೇ ಬರುತ್ತಿತ್ತು. ಅದನ್ನೂ ಆಕೆಗೆ ಹೇಳಿದೆ. ಈ ಸಲ ಬೈಯಲಿಲ್ಲ, ಬೇಗ ಮಾಡ್ರಿ ಎಂದಳು ಅಷ್ಟೇ.

ಬಿಸಿಲು ಬಿದ್ದು ಮೇಲಿನ ಮಣ್ಣು ಸ್ವಲ್ಪ ಬಿಗಿಯಾದ ಮೇಲೆ, ಖಾಲಿ ಗಾಡಿಯನ್ನು ನೂರು ಹೆಜ್ಜೆಗೊಮ್ಮೆ ನಿಲ್ಲಿಸಿ ಕೆರೆದು, ಮಧ್ಯಾಹ್ನಕ್ಕೆ ಡಾಂಬರು ಮುಟ್ಟಿಸಿದೆವು. ಅಲ್ಲಿಂದ ನೇರ ವಿಜಯಪುರ, ಜೋರಾಪುರ ಪೇಟೆಯಲ್ಲಿ ನನಗೆ ಪರಿಚಯದ ಟೈರಿನ ಅಂಗಡಿ. ಅಂಗಡಿಯವನು ನನ್ನ ಶಾಲೆಯ ಜೊತೆಗಾರ. ನಾನು ಕೇಳಿದ ಟೈರಿನ ಹೆಸರು ಕೇಳಿ ಅವನು ಗಲ್ಲಾದಿಂದ ಎದ್ದು ಹೊರಗೆ ಬಂದ. ಹುಲಿಯಂಥ ಟೈರು ಬಿಚ್ಚಿ ಇದನ್ನು ಹಾಕುವವನನ್ನು ಅವನು ನೋಡಿರಲಿಲ್ಲವಂತೆ.

"ಏನಲೇ, ಪಿಕಪ್ಪಿಗೆ ಟಾಂಗಾ ಗಾಲಿ ಹಾಕ್ತಿ ಏನು?" ಎಂದ. ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು.

"ಹೌದಲೇ, ಟಾಂಗಾನ ಕಟ್ಟಾಕತ್ತೇನಿ," ಎಂದೆ. "ನಾಕು ತಗಿ."

ಅವನು ಗೋದಾಮಿನ ಮೂಲೆಯಿಂದ ಧೂಳು ಹಿಡಿದ ನಾಲ್ಕನ್ನು ಹೊರಳಿಸಿಕೊಂಡು ಬಂದ. ನಗು ಬೇಕಾದಷ್ಟು ನಗಲಿ, ನನಗೆ ಅದು ತಾಗಲಿಲ್ಲ. ಕೆಲವೇ ದಿನಗಳ ಹಿಂದೆ ಇಂಥ ಜನರ ಮೆಚ್ಚುಗೆ ನಂಬಿ ಕೆಟ್ಟಿದ್ದೆ.

ನನ್ನ ಅಂಗಡಿಗೆ ಬಂದಾಗ ನಾಲ್ಕು ಗಂಟೆ. ಟೈರು ಹಾಕಿ, ಮಡ್ಗಾರ್ಡುಗಳ ಒಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದೆ, ಮಣ್ಣು ಹಿಡಿದುಕೊಳ್ಳುವುದೇ ಅದರ ಮಡಿಕೆಗಳಲ್ಲಿ. ಒಂದು ಪುಟ್ಟಿ ಎರೆ ಮಣ್ಣನ್ನು ಗಾಡಿಯಲ್ಲೇ ತಂದಿದ್ದೆ. ನೀರು ಹಾಕಿ ಕಲಸಿ ಟೈರಿಗೆ ಮೆತ್ತಿ ಕೈಯಿಂದ ಗಾಲಿ ತಿರುಗಿಸಿ ನೋಡಿದೆ. ಮುಂದೆ ಸರಾಗ. ಹಿಂದೆ ಮಾತ್ರ ಮಣ್ಣು ಪಾಟಾದ ಕಡೆಗೆ ಸರಿದು ಕೂರುತ್ತಿತ್ತು. ಹಳೆಯ ಪಾಟಾದ ಪಟ್ಟಿಯೊಂದನ್ನು ಗೇಣುದ್ದ ಕತ್ತರಿಸಿ, ಅಂಚು ಉಜ್ಜಿ, ಹಿಂದಿನ ಅಚ್ಚಿಗೇ ಕಟ್ಟಿ ಟೈರಿನಿಂದ ಒಂದು ಬೆರಳು ದೂರ ನಿಲ್ಲಿಸಿದೆ. ಚೌಕಟ್ಟಿಗೆ ಕಟ್ಟಿದರೆ ಗಾಡಿ ಕುಣಿದಾಗ ಅಂತರ ಬದಲಾಗುತ್ತದೆ, ಅಚ್ಚಿಗೆ ಕಟ್ಟಿದರೆ ಆಗುವುದಿಲ್ಲ. ಈಗ ಗಾಲಿ ತಿರುಗಿಸಿದರೆ ಹೆಚ್ಚಿನ ಮಣ್ಣನ್ನು ಆ ಪಟ್ಟಿ ಹೆರೆದು ಕೆಳಗೆ ಬೀಳಿಸುತ್ತಿತ್ತು.

ಆಕೆ ಸ್ಟೂಲಿನ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. ನಡುವೆ ಎರಡು ಸಲ ಫೋನು ಬಂತು. ಹೂಂ, ಬರ್ತೇನಿ, ಎಮ್ಮಿ ಹಿಂಡ್ರಿ ಎಂದಷ್ಟೇ ಹೇಳಿ ಇಟ್ಟಳು. ಹೊತ್ತು ಮುಳುಗುವ ಹೊತ್ತಿಗೆ ಪಾಟಾವನ್ನು ಅಚ್ಚಿಗೆ ಹಿಡಿದಿಡುವ ಯು ಬೋಲ್ಟುಗಳನ್ನು ಕೊನೆಯ ಸಲ ಬಿಗಿದು ಗಾಡಿ ಕೊಟ್ಟೆ. ಟೈರು ಎತ್ತರವಾದ್ದರಿಂದ ಮೀಟರು ನಲವತ್ತು ತೋರಿಸಿದಾಗ ಗಾಡಿ ಅದಕ್ಕಿಂತ ಜೋರಾಗಿ ಓಡುತ್ತಿರುತ್ತದೆ, ನೆನಪಿರಲಿ ಎಂದೆ. ಕ್ಯಾನುಗಳನ್ನು ಹಿಂದಿನ ಅಚ್ಚಿನ ಮೇಲೆ ಬರುವಂತೆ ಹೇರಬೇಕೆಂದೂ ಹೇಳಿದೆ. ಆಕೆ ಡಾಂಬರು ಬಿಟ್ಟು ಬಂಡಿ ದಾರಿಗೆ ಇಳಿಯುವುದರೊಳಗೆ ಮತ್ತೆ ಮಳೆ ಹಿಡಿಯಿತಂತೆ.

ಮರುದಿನ ಐದಕ್ಕೇ ಎದ್ದು ಹೋದೆ. ಯಾರೂ ಕರೆದಿರಲಿಲ್ಲ. ಬೈಕನ್ನು ಡಾಂಬರಿನ ಬದಿಗೆ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ವಸ್ತಿಗೆ ನಡೆದೆ. ದಾರಿಯಲ್ಲಿ ಟ್ರ್ಯಾಕ್ಟರಿನ ಹೊಸ ಗುರುತು ವಸ್ತಿಯ ಕಡೆ ಹೋಗಿತ್ತು, ಮರಳಿ ಬಂದಿರಲಿಲ್ಲ. ಹೊಲಕ್ಕೆ ಹೋಗಿರಬೇಕು ಎಂದುಕೊಂಡೆ. ವಸ್ತಿಯಲ್ಲಿ ಹದಿನಾರು ಕ್ಯಾನನ್ನೂ ಗಾಡಿಗೆ ಹೇರಿದ್ದರು, ನಾನು ಹೇಳಿದಂತೆ ಹಿಂದಕ್ಕೆ ಸರಿಸಿ ಕಟ್ಟಿದ್ದರು. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು ಸುತ್ತ ನಿಂತಿದ್ದರು. ಯಾರೂ ಟೈರು ನೋಡುತ್ತಿರಲಿಲ್ಲ.

ನಾನು ನಡೆಸುತ್ತೇನೆ ಎಂದೆ. ತಪ್ಪಾದರೆ ನನ್ನ ಕೈಯಲ್ಲೇ ಆಗಲಿ ಎಂಬ ಆಸೆ.

"ಈ ದಾರಿ ನಂದ್ರಿ," ಎಂದಳು. "ನೀವು ಆ ಕಡೆ ಕುಂದರ್ರಿ."

ಮೊದಲ ಒಂದು ಕಿಲೋಮೀಟರ್ ನಾನು ಕಿಟಕಿಯಿಂದ ತಲೆ ಹೊರಹಾಕಿಕೊಂಡೇ ಇದ್ದೆ. ಹಿಂದಿನ ಗಾಲಿಗೆ ಹತ್ತಿದ ಮಣ್ಣನ್ನು ಪಟ್ಟಿ ಹೆರೆದು ರೊಟ್ಟಿಯಂತೆ ಬೀಳಿಸುತ್ತಿತ್ತು. ಹಿಂದಿನ ದಿನ ಸಿಕ್ಕಿಬಿದ್ದ ತಗ್ಗು ಬಂತು. ಅಲ್ಲಿ ನೀರು ನಿಂತಿತ್ತು. ಮುಂದಿನ ಗಾಲಿಗಳು ಇಳಿದವು, ಇನ್ನೂ ಇಳಿದವು, ರಿಮ್ಮಿನ ತನಕ ಮುಳುಗಿದವು. ಮುಗಿಯಿತು ಎಂದುಕೊಂಡೆ. ಎಕ್ಸಲೇಟರ್ ಒತ್ರಿ ಎಂದು ಕೂಗಿದೆ. ಆಕೆ ಒತ್ತಲಿಲ್ಲ. ಮೊದಲನೆಯ ಗೇರಿನಲ್ಲಿ ಕಾಲು ಹಗುರ ಮಾಡಿ ಗಾಡಿ ತಾನೇ ನಡೆಯಲು ಬಿಟ್ಟಳು. ಕೆಳಗೆ ಏನೋ ಗಟ್ಟಿ ಸಿಕ್ಕಂತೆ ಸ್ಟೇರಿಂಗ್ ಒಮ್ಮೆ ಅದುರಿತು, ಗಾಲಿ ಹಿಡಿಯಿತು, ಗಾಡಿ ನಿಧಾನ ಆ ದಡ ಹತ್ತಿತು. ಒತ್ತಿದ್ದರೆ ಗಾಲಿ ಹೂತುಹೋಗುತ್ತಿತ್ತು. ಅದು ನನಗಿಂತ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಕೇಂದ್ರ ಮುಟ್ಟಿದಾಗ ಏಳಕ್ಕೆ ಹತ್ತು ನಿಮಿಷ. ಮೇಲ್ವಿಚಾರಕ ನಮ್ಮನ್ನು ಕಂಡು ಗಡಿಯಾರ ನೋಡಿದ, ಕೆಸರು ತುಂಬಿದ ಗಾಲಿ ನೋಡಿದ. ಖುಷಿಯಾದಂತೆ ಕಾಣಲಿಲ್ಲ. ಇವತ್ತೂ ಬರಲಿಕ್ಕಿಲ್ಲ ಎಂದು ಟ್ರ್ಯಾಕ್ಟರಿನವನಿಗೆ ಹೇಳಿ ಕಳಿಸಿಬಿಟ್ಟಿದ್ದೇನೆ, ಅವನು ನಸುಕಿಗೇ ವಸ್ತಿಗೆ ಹೋಗಿದ್ದಾನೆ, ಇನ್ನೇನು ಬರುತ್ತಾನೆ, ಮಳೆ ಮುಗಿಯುವ ತನಕ ಅವನೇ ತರಲಿ ಎಂದ. ಮೂರನೆಯ ದಿನ ಇನ್ನೂ ಮುಗಿದಿಲ್ಲವಲ್ಲ ಎಂದು ನಾನು ಜಗಳಕ್ಕೆ ಹೊರಟೆ. ಆಕೆ ಕೈ ಅಡ್ಡ ಹಿಡಿದಳು.

"ಬರ್ಲಿ ಬಿಡ್ರಿ," ಎಂದಳು ಮೇಲ್ವಿಚಾರಕನಿಗೆ. "ಮೊದ್ಲ ಇದನ್ನ ಅಳೀರಿ."

ಒಂದೊಂದೇ ಕ್ಯಾನು ಇಳಿಯಿತು. ಮಾದರಿ ತೆಗೆದರು, ಜಿಡ್ಡು ನೋಡಿದರು, ಸುರಿದರು. ಹದಿನಾಲ್ಕನೆಯ ಕ್ಯಾನಿನ ಹೊತ್ತಿಗೆ ಹೊರಗೆ ಟ್ರ್ಯಾಕ್ಟರಿನ ಸದ್ದಾಯಿತು. ಅವನು ಇಳಿದು ಒಳಗೆ ಬಂದ. ಹಾಲು ಎಲ್ಲಿ ಎಂದು ಮೇಲ್ವಿಚಾರಕ ಕೇಳಿದ. ಅವನು ಆಕೆಯ ಕಡೆ ನೋಡದೆ ಉತ್ತರ ಕೊಟ್ಟ.

"ಹನ್ನೆರಡೂ ಮನಿಗೆ ಹೋಗಿ ನಿಂತೆ. ಅಕ್ಕನ ಗಾಡಿ ಬರತೈತಿ ಅಂದ್ರು. ಒಬ್ಬರೂ ಒಂದು ಹನಿ ಹಾಕಲಿಲ್ರಿ."

ಎರಡು ದಿನ ಹಾಲು ಹಾಳಾದ ಮೇಲೂ, ಬಾಗಿಲಿಗೆ ಬಂದ ಟ್ರ್ಯಾಕ್ಟರು ಬಿಟ್ಟು ಅವರು ಕತ್ತಲೆಯಲ್ಲಿ ಈ ಗಾಡಿಗೆ ಕಾದಿದ್ದರು. ನಾನು ಬಾಗಿಲ ಕಡೆ ತಿರುಗಿ ನಿಂತೆ. ಆಕೆಗೆ ಇದೆಲ್ಲ ಮೊದಲೇ ಗೊತ್ತಿರಬೇಕು, ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಕೊನೆಯ ಎರಡು ಕ್ಯಾನು ತಾನೇ ಎತ್ತಿ ಸುರಿದಳು, ಮೇಲ್ವಿಚಾರಕ ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಮುಂದೆ ಹದಿನಾರು ಎಂದು ಬರೆಯುವ ತನಕ ಅವನ ಪಕ್ಕದಲ್ಲೇ ನಿಂತಳು.

"ನಾಳಿ ಇನ್ನೂ ಹತ್ತು ಮಿನಿಟ ಮೊದ್ಲ ಬರ್ತೇನ್ರಿ," ಎಂದಳು. "ಬಾಗಿಲ ತಗದಿರ್ಲಿ."